ಕನ್ನಡ ಕಾವ್ಯದಲ್ಲಿ ತಾಯಿ
(ಶತಮಾನೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಕನ್ನಡ ಕಾವ್ಯದಲ್ಲಿ ತಾಯಿ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನಮಗೆ ಮೊದಲು ಸಂತೋಷವಾಯಿತು, ಆಮೇಲೆ ಅಂಜಿಕೆಯಾಯಿತು. ಓದಿದ ಶಾಲೆಯಲ್ಲಿಯೇ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ಬರುವುದಿಲ್ಲವಾದ್ದರಿಂದ ಸಂತೋಷ. ಇನ್ನು ಅಂಜಿಕೆಗೆ ಕಾರಣ, ತಾಯಿಯನ್ನು ಕುರಿತು ಸಭೆಯಲ್ಲಿ ಮಾತಿಗೆ ನಿಂತವರು ಎರಡನೆಯ ವಾಕ್ಯಕ್ಕೇ ಹೊಗಳಿಕೆಗೆ ಇಳಿಯುತ್ತಾರೆ, ಮೂರನೆಯದಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಹೊಗಳಿಕೆಯಲ್ಲಿ ತಪ್ಪಿಲ್ಲ. ಆದರೆ ಹೊಗಳಿಸಿಕೊಳ್ಳುವವಳು ಸಾಮಾನ್ಯವಾಗಿ ಆ ಸಭೆಯಲ್ಲಿ ಇರುವುದಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ. ಈ ಹೊತ್ತಿನ ಸಭೆಯಲ್ಲಿ ತಾಯಂದಿರು ಇಷ್ಟೊಂದು ಸಂಖ್ಯೆಯಲ್ಲಿ ಬಂದು ಕುಳಿತಿರುವುದರಿಂದ ನಾವು ಹೆಚ್ಚು ಎಚ್ಚರದಿಂದ ಮಾತನಾಡಬೇಕಾಗಿದೆ.

ನಮಗೆಲ್ಲರಿಗೂ ಗೊತ್ತಿರುವ ಹಾಡಿನಿಂದಲೇ ಪ್ರಾರಂಭಿಸೋಣ. ಪುಣ್ಯಕೋಟಿಯ ಕಥೆಯನ್ನು ಕೇಳದೆ ಈ ಶಾಲೆಯಿಂದ ಹೊರಬಿದ್ದವರಿಲ್ಲ. ಕಾಳಿಂಗನೆಂಬ ಗೊಲ್ಲನ ಮಂದೆಯ ಹಸು. ಹಸಿದ ಅರ್ಬುತನೆಂಬ ಹುಲಿ. ಕರುವಿಗೆ ಹಾಲುಣಿಸಿ ಮರಳಿ ಬರುವೆನೆಂಬ ಮಾತು. ಕೊಟ್ಟ ಮಾತಿನಂತೆ ಗವಿಯ ಬಾಗಿಲಿಗೆ ಬಂದು ನಿಂತ ತಾಯಿ. ನಮ್ಮ ಗುರುಗಳು ಇದನ್ನು ಸತ್ಯದ ಪಾಠವೆಂದು ಕಲಿಸಿದರು. ಪರೀಕ್ಷೆಯಲ್ಲಿ ಈ ಹಾಡಿನಿಂದ ತಿಳಿಯುವ ನೀತಿ ಯಾವುದು ಎಂಬ ಪ್ರಶ್ನೆ ಬಂದರೆ ಸತ್ಯವೆಂದು ಬರೆದು ಪೂರ್ತಿ ಗುಣ ಪಡೆದವರು ನಾವು. ಆದರೆ ಮನೆಯಲ್ಲಿ ಅದೇ ಹಾಡನ್ನು ಹೇಳಿಸಿಕೊಂಡು ಕೇಳುತ್ತಿದ್ದ ಹೆಂಗಸರ ಕಣ್ಣು ತೇವವಾಗುತ್ತಿದ್ದುದು ಗವಿಯ ಬಾಗಿಲಿನಲ್ಲಿ ಅಲ್ಲ, ಅದಕ್ಕೂ ಮೊದಲೇ ದೊಡ್ಡಿಯಲ್ಲಿ. ಇನ್ನು ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ತಾಯಿ ಅದಕ್ಕೆ ನೇರವಾದ ಉತ್ತರ ಕೊಡಲಾರಳು. ತನ್ನ ಒಡನಾಡಿ ಹಸುಗಳ ಕಡೆ ತಿರುಗಿ, ಈ ತಬ್ಬಲಿಯನ್ನು ನಿಮ್ಮದೆಂದು ನೋಡಿಕೊಳ್ಳಿರಿ, ಹತ್ತಿರ ಬಂದರೆ ನೂಕಬೇಡಿರಿ ಎಂದು ಬೇಡಿಕೊಳ್ಳುತ್ತಾಳೆ.

ಈ ಬೇಡಿಕೆಯನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಗಮನಿಸಲಿಲ್ಲ. ಸತ್ಯವನ್ನು ಕಾಯುವುದು ಪುಣ್ಯಕೋಟಿಗೆ ಕಠಿಣವಾಗಿರಲಿಲ್ಲ. ತಾನಿಲ್ಲದ ಮನೆಯಲ್ಲಿ ಮಗು ಯಾರ ಕಾಲಿನ ಏಟು ತಿನ್ನುವುದೋ ಎಂಬ ಚಿಂತೆ ಕಠಿಣವಾಗಿತ್ತು. ಹೆರಿಗೆಗೆಂದು ಹೋದವಳು ಮರಳಿ ಬಾರದೆ ಇರುವುದು ಮನೆಮನೆಯ ಸಂಗತಿಯಾಗಿದ್ದ ಕಾಲದಲ್ಲಿ ಈ ಹಾಡು ಬಾಯಿಂದ ಬಾಯಿಗೆ ಹರಿದು ಬಂದಿದೆ. ಬಾಣಂತಿಯ ಕೋಣೆಗೆ ಹೋಗುವ ಮುನ್ನ ಅಕ್ಕತಂಗಿಯರಿಗೆ, ಓರಗಿತ್ತಿಯರಿಗೆ ಮಕ್ಕಳನ್ನು ಒಪ್ಪಿಸಿ ಹೋದ ಎಷ್ಟು ಜನ ತಾಯಂದಿರು ಇದರ ಹಿಂದೆ ಇದ್ದಾರೋ! ಹುಲಿ ಮನಸ್ಸು ತಿರುಗಿ ಪ್ರಾಣ ಬಿಟ್ಟಿತೆಂಬುದು ಕಥೆಯ ಕೊನೆ. ಅದು ಕೇಳುವ ಮಕ್ಕಳಿಗಾಗಿ ಇಟ್ಟ ಕೊನೆಯೆಂದು ನಮಗೆ ತೋರುತ್ತದೆ.

ನಮ್ಮ ಪ್ರಾಚೀನ ಕವಿಗಳು ತಾಯಿಯನ್ನು ಚಿತ್ರಿಸುವಾಗ ಮುಚ್ಚುಮರೆ ಮಾಡಿದವರಲ್ಲ. ಪಂಪನಲ್ಲಿ ಕುಂತಿ ಕರ್ಣನ ಬಳಿಗೆ ಹೋಗುತ್ತಾಳೆ. ಹೊಳೆಯಲ್ಲಿ ಬಿಟ್ಟ ಮಗನನ್ನು ಯುದ್ಧದ ಹೊಸಿಲಿನಲ್ಲಿ ನೆನೆದುಕೊಂಡ ಆ ತಾಯಿಯ ಮೇಲೆ ನಮಗೆ ಕೋಪ ಬರುತ್ತದೆ, ಕನಿಕರವೂ ಬರುತ್ತದೆ. ಕವಿ ಎರಡಕ್ಕೂ ಎಡೆ ಕೊಟ್ಟಿದ್ದಾನೆ. ಜನ್ನನ ‘ಯಶೋಧರ ಚರಿತೆ’ಯ ಚಂದ್ರಮತಿ ಮಗನ ಕೇಡು ಕಳೆಯಲೆಂದು ಬಲಿಗೆ ಒತ್ತಾಯಿಸಿ, ಕೊನೆಗೆ ಹಿಟ್ಟಿನ ಹುಂಜವನ್ನಾದರೂ ಕಡಿಯುವಂತೆ ಒಪ್ಪಿಸಿ, ಮಗನನ್ನೂ ತನ್ನನ್ನೂ ಭವಭವಗಳ ಸುಳಿಗೆ ನೂಕುತ್ತಾಳೆ. ಮಮತೆಯೇ ಕೇಡಾಗಬಹುದೆಂಬ ಮಾತನ್ನು 1209ರಷ್ಟು ಹಿಂದೆಯೇ ಕನ್ನಡ ಕವಿ ಹೇಳಿದ್ದಾನೆ. ಕುವೆಂಪು ಅವರು ತಮ್ಮ ರಾಮಾಯಣದಲ್ಲಿ ಮಂಥರೆಯನ್ನು ಮಮತೆಯ ಸುಳಿಗೆ ಸಿಕ್ಕವಳನ್ನಾಗಿ ಕಂಡದ್ದು ಇದೇ ದಾರಿಯ ಮುಂದಿನ ಹೆಜ್ಜೆ.

ಇನ್ನೊಬ್ಬ ಚಂದ್ರಮತಿ ರಾಘವಾಂಕನವಳು. ‘ಹರಿಶ್ಚಂದ್ರ ಕಾವ್ಯ’ದಲ್ಲಿ ಅರಸಿಯಾಗಿದ್ದವಳು ತೊತ್ತಾಗಿದ್ದಾಳೆ. ಕಾಡಿಗೆ ಹೋದ ಮಗ ಲೋಹಿತಾಶ್ವನಿಗೆ ಹಾವು ಕಡಿದ ಸುದ್ದಿ ಬರುತ್ತದೆ. ಅವಳು ಕೂಡಲೇ ಓಡುವಂತಿಲ್ಲ. ಮನೆಯ ಕೆಲಸ ಮುಗಿಸಿ ಹೋಗೆಂದು ಒಡೆಯರ ಕಟ್ಟಪ್ಪಣೆ. ಅವಳ ಪ್ರಲಾಪದ ಪದ್ಯಗಳನ್ನು ಪಠ್ಯಪುಸ್ತಕಗಳು ಆರಿಸಿಕೊಳ್ಳುತ್ತವೆ. ತರಗತಿಯಲ್ಲಿ ಅವನ್ನು ಗುರುಗಳು ರಾಗವಾಗಿ ಓದಿ ನಮ್ಮನ್ನು ಅಳಿಸಿದ್ದೂ ಉಂಟು. ಆದರೆ ಪ್ರಲಾಪಕ್ಕಿಂತ ಮೊದಲಿನ ಆ ಕೆಲವು ಗಳಿಗೆಗಳನ್ನು ಯೋಚಿಸಿ ನೋಡಿರಿ. ಮಗ ಸತ್ತಿದ್ದಾನೆ, ತಾಯಿಯ ಕೈ ಇನ್ನೊಬ್ಬರ ಮನೆಯ ಕೆಲಸದಲ್ಲಿ ತೊಡಗಿದೆ. ರಜೆ ಸಿಗದೆ ಕೂಲಿಯ ಹೊಲದಲ್ಲಿ ನಿಂತ, ಬೀಡಿ ಕಟ್ಟುವ ಲೆಕ್ಕ ಮುಗಿಯದೆ ಜ್ವರದ ಮಗುವಿನ ಕಡೆಗೆ ನೋಡುತ್ತ ಕುಳಿತ ತಾಯಂದಿರನ್ನು ಸೊಲ್ಲಾಪುರದ ಓಣಿಗಳಲ್ಲಿ ಕಂಡವರಿಗೆ ರಾಘವಾಂಕ ಹಳೆಯ ಕವಿಯೆಂದು ಅನ್ನಿಸುವುದಿಲ್ಲ.

ದಾಸರ ಯಶೋದೆ ಬೇರೆ. ಪುರಂದರದಾಸರು ಜಗತ್ತನ್ನು ಉದ್ಧರಿಸುವವನನ್ನು ಆಡಿಸುವ ತಾಯಿಯನ್ನು ಹಾಡಿದರು, ಗುಮ್ಮನಿಗೆ ಹೆದರಿ ಗೋಗರೆಯುವ ಮಗುವನ್ನೂ ಹಾಡಿದರು. ಗಂಡಸೊಬ್ಬನು ತಾಯಿಯ ಕೊರಳನ್ನೂ ಕೂಸಿನ ಕೊರಳನ್ನೂ ತನ್ನದಾಗಿ ಮಾಡಿಕೊಂಡು ಹಾಡುವ ಆ ಪರಿಗೆ ಮನಸೋಲದವರಿಲ್ಲ. ಆದರೂ ಯಶೋದೆಯ ಸೊಂಟ ನೋಯುವುದಿಲ್ಲ, ಅವಳಿಗೆ ನಿದ್ದೆಗೆಡುವುದಿಲ್ಲ. ಅದು ಭಕ್ತಿಯ ತಾಯ್ತನ. ಅದರ ನ್ಯಾಯವೇ ಬೇರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾಯಿ ನಾಡಾದಳು. ಮಂಜೇಶ್ವರದ ಗೋವಿಂದ ಪೈಗಳು ಕನ್ನಡಿಗರ ತಾಯಿಯನ್ನು ಕರೆದು ಮೊಗದೋರೆಂದು ಬೇಡಿದರು. ಅವರ ಊರೂ ನಮ್ಮ ಊರಿನ ಹಾಗೆ ಗಡಿಯಾಚೆ ಉಳಿಯಿತೆಂಬುದನ್ನು ನಾವು ಮರೆಯಲಾಗದು. ಕುವೆಂಪು ಅವರ ನಾಡಗೀತೆಯಲ್ಲಿ ಕರ್ನಾಟಕವು ನಮಗೆ ತಾಯಿ, ಭಾರತಿಗೆ ಮಗಳು. ಒಬ್ಬಳೇ ಹೆಣ್ಣು ತಾಯಿಯೂ ಮಗಳೂ ಆಗಿರುವುದನ್ನು ಕಂಡದ್ದು ದೊಡ್ಡ ಕವಿಯ ಕಣ್ಣು. ಏಕೀಕರಣದ ದಿನಗಳಲ್ಲಿ ಇಂತಹ ಹಾಡುಗಳು ನಮ್ಮ ಹಿರಿಯರ ಎದೆಯಲ್ಲಿ ಏನು ಮಾಡಿದವೆಂಬುದನ್ನು ಈ ಶಾಲೆಯ ಗೋಡೆಗಳು ಬಲ್ಲವು. 1956ರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಆ ತಾಯಿಯ ಹೊಸಿಲಿನಾಚೆ ಉಳಿದವರು ನಾವು. ಹಾಗಿದ್ದರೂ ಒಂದು ಮಾತು ಹೇಳಬೇಕು. ನಾಡತಾಯಿಗೆ ದಣಿವಿಲ್ಲ, ಮುಪ್ಪಿಲ್ಲ, ಅವಳ ಸೀರೆ ಹರಿಯುವುದಿಲ್ಲ. ಅವಳಿಗೆ ಜಯಕಾರ ಹೇಳಿ ಮನೆಗೆ ಬಂದು, ಹೆತ್ತವಳ ಕೈಯಿಂದ ನೀರಿನ ತಂಬಿಗೆ ಇಸಿದುಕೊಂಡು, ಅವಳ ಮುಖ ನೋಡದೆ ಕುಡಿಯುವುದು ಸಾಧ್ಯ. ನಾವೂ ಹಾಗೆ ಕುಡಿದವರೇ.

ಬೇಂದ್ರೆಯವರಲ್ಲಿ ಈ ಎರಡು ತಾಯಂದಿರು ಬೇರೆಯಾಗಲಿಲ್ಲ. ವಿಶ್ವಮಾತೆ, ಭೂಮಾತೆ, ಭಾರತಮಾತೆ, ಕನ್ನಡಮಾತೆ ಎಂದು ನಾಲ್ವರನ್ನು ಎಣಿಸಿದ ಅವರು ಐದನೆಯವಳಾಗಿ ತಮ್ಮ ಹೆತ್ತ ತಾಯಿಯನ್ನು ಅದೇ ಸಾಲಿನಲ್ಲಿ ನಿಲ್ಲಿಸಿದರು. ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರು ಮೊದಲು, ತಮ್ಮದು ಆಮೇಲೆ. 1944ರಿಂದ 1956ರವರೆಗೆ ಅವರು ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಅವರ ಪಾಠ ಕೇಳಿದವರು ಕೆಲವರು ನಮ್ಮ ಗಡಿನಾಡಿನ ಶಾಲೆಗಳಿಗೆ ಗುರುಗಳಾಗಿ ಬಂದರು. ಅವರ ಮಾತಿನ ಧಾಟಿಯ ಎಳೆ ನಮ್ಮವರೆಗೂ ಬಂದು ಮುಟ್ಟಿದೆ.

ಬೇಂದ್ರೆಯವರ ಕವಿತೆಗಳಲ್ಲಿ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬುದನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ. ಹಲವು ಮಕ್ಕಳನ್ನು ಕಳೆದುಕೊಂಡ ಕವಿ ಅವರು. ಈ ಕವಿತೆಯಲ್ಲಿ ಕೂಸು ಕೈಬಿಟ್ಟು ಹೋಗುತ್ತಿದೆ. ತಂದೆ ತಾಯಿಯೊಡನೆ ಮಾತನಾಡುತ್ತಾನೆ. ಮೊದಲಿನಿಂದ ಕೊನೆಯವರೆಗೆ ಮಾತೆಲ್ಲ ಅವನದೇ. ತಾಯಿ ನೋಡುತ್ತಾಳೆ, ಅಷ್ಟೆ. ಆ ನೋಟವನ್ನು ತಾಳಲಾರದೆ ಅವನು ಉಪಮೆಯ ಮೇಲೆ ಉಪಮೆ ತರುತ್ತಾನೆ. ಕನ್ನಡದಲ್ಲಿ ಮಾತಿನ ಚಕ್ರವರ್ತಿ ಎನಿಸಿಕೊಂಡ ಕವಿ ಒಬ್ಬ ತಾಯಿಯ ಮೌನದ ಮುಂದೆ ಸೋತು ನಿಂತ ಕವಿತೆ ಅದು. ಅವಳ ಬಾಯಲ್ಲಿ ಒಂದು ಮಾತನ್ನೂ ಇಡದೆ ಹೋದದ್ದು ಬೇಂದ್ರೆಯವರ ಪ್ರಾಮಾಣಿಕತೆ ಎಂದು ನಾವು ತಿಳಿಯುತ್ತೇವೆ. ಅವಳ ದುಃಖ ತನಗೆ ಪೂರ್ತಿ ತಿಳಿದಿದೆಯೆಂದು ಅವರು ನಟಿಸಲಿಲ್ಲ.

ಇಲ್ಲಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಈವರೆಗೆ ನಾವು ಹೆಸರಿಸಿದ ಪಂಪ, ಜನ್ನ, ರಾಘವಾಂಕ, ಪುರಂದರದಾಸ, ಗೋವಿಂದ ಪೈ, ಕುವೆಂಪು, ಬೇಂದ್ರೆ ಎಲ್ಲರೂ ಗಂಡುಮಕ್ಕಳು. ತಾಯಿಯನ್ನು ಕುರಿತು ಹೇಳಿದವರು ಇವರಾದರೆ ತಾಯಿ ತಾನೇ ಏನು ಹೇಳಿದಳು?

ಹೇಳಿದಳು, ಆದರೆ ಬೀಸುಕಲ್ಲಿನ ಮುಂದೆ ಕುಳಿತು ಹೇಳಿದಳು. ಭೀಮೆಯ ಆಚೆಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರ ಸುತ್ತ ಕೂಡಿದ ಗೆಳೆಯರು ಊರ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ನಮ್ಮೂರುಗಳಿಂದ ಹಲಸಂಗಿ ದೂರದ ಊರಲ್ಲ. ಹೆಣ್ಣು ಕೊಟ್ಟು ತರುವ ನಂಟು ಇಂದಿಗೂ ಹೊಳೆಯ ಎರಡೂ ದಡಗಳಿಗೆ ಉಂಟು. ಹಾಡುಗಳೂ ಆ ಹೆಣ್ಣುಮಕ್ಕಳ ಸಂಗಡವೇ ಹೊಳೆ ದಾಟಿದವು. ಆ ಹಾಡುಗಳಲ್ಲಿ ಏನುಂಟು, ಏನಿಲ್ಲ! ಮಕ್ಕಳಿಲ್ಲದವಳು ದೇವರ ಮುಂದೆ ನಿಂತು ಜಗಳಾಡುತ್ತಾಳೆ. ಮಗು ಅತ್ತರೆ ಕೆಲಸ ಕೆಡುವುದೆಂಬ ಸಿಟ್ಟು, ಅಳದಿದ್ದರೆ ಮನೆ ಬರಿದೆಂಬ ಭಯ, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ತಾಯಿ ಇರುವ ತನಕ ತವರು, ಅವಳು ಹೋದ ಮೇಲೆ ಅದು ಅಣ್ಣನ ಮನೆ ಎಂಬ ಅರಿವು ಬರುತ್ತದೆ. ಬೀಸುವ ಕಲ್ಲನ್ನೇ ತಾಯಿಯೆಂದು ಕರೆಯುವುದೂ ಉಂಟು. ಯಾಕೆಂದರೆ ನಸುಕಿನಲ್ಲಿ, ಅತ್ತೆ ಏಳುವ ಮೊದಲು, ಸೊಸೆಯ ಮಾತನ್ನು ಕೇಳಿಸಿಕೊಳ್ಳಲು ಎಚ್ಚರವಿದ್ದದ್ದು ಅದೊಂದೇ.

ತ್ರಿಪದಿಯೆಂದರೆ ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದನ್ನು ನಾವು ಒಂಬತ್ತನೆಯ ಇಯತ್ತೆಯಲ್ಲಿ ಛಂದಸ್ಸಿನ ಪಾಠವೆಂದು ಬಾಯಿಪಾಠ ಮಾಡಿದೆವು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹೇಳುವ ರೂಢಿಯುಂಟು. ಆ ಮರುಕಳಿಕೆಯಲ್ಲಿ ಗೂಟ ಕೈಯಿಂದ ಕೈಗೆ ಬದಲಾಗುತ್ತದೆ, ಬಾಯಿಗೆ ಇನ್ನೊಂದು ಹಿಡಿ ಜೋಳ ಬೀಳುತ್ತದೆ, ಮುಂದಿನ ಸಾಲು ಮನಸ್ಸಿನಲ್ಲಿ ಕೂಡಿಕೊಳ್ಳುತ್ತದೆ. ಛಂದಸ್ಸಿನ ಪುಸ್ತಕದಲ್ಲಿ ಇದನ್ನು ಬರೆದಿರಲಿಲ್ಲ.

ಇದನ್ನು ಹೇಳುವಾಗ ನಮ್ಮ ಮನೆಯ ಸಂಗತಿಯೊಂದನ್ನು ಮರೆಮಾಚಿ ಮುಂದೆ ಹೋಗುವುದು ನ್ಯಾಯವಲ್ಲ. ನಮ್ಮ ಅವ್ವ ಓದಿದವಳಲ್ಲ. ಶಾಲೆಗೆ ನಮ್ಮ ಹೆಸರು ಹಚ್ಚಲು ಬಂದ ದಿನ ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗೆ ಅಪ್ಪ ಸಹಿ ಮಾಡಿದರು. ನಸುಕಿನಲ್ಲಿ ಅವಳು ಬೀಸುವ ಸಪ್ಪಳಕ್ಕೆ ನಾವು ಎಚ್ಚರಾಗುತ್ತಿದ್ದೆವು, ಅವಳ ಹಾಡಿಗೆ ಮತ್ತೆ ನಿದ್ದೆ ಹೋಗುತ್ತಿದ್ದೆವು. ಆರನೆಯ ಇಯತ್ತೆಯಲ್ಲಿ ಶುದ್ಧಬರಹದಲ್ಲಿ ನಮಗೆ ಮೊದಲ ಬಹುಮಾನ ಬಂದಿತು. ಆ ಮದದಲ್ಲಿ ಒಂದು ಮುಂಜಾನೆ, ನೆರೆಮನೆಯ ಕಾಕು ಹಿಟ್ಟಿಗೆ ಬಂದು ನಿಂತಿದ್ದಾಗ, ಅವ್ವ ಹಾಡಿನಲ್ಲಿ ಸೊರಗ ಎಂದುದನ್ನು ನಾವು ತಿದ್ದಿದೆವು: “ಸೊರಗ ಅಲ್ಲವ್ವಾ, ಸ್ವರ್ಗ. ನಿನಗ ಬರೂದಿಲ್ಲಂದ್ರ ಯಾಕ ಹಾಡ್ತಿ?” ಅವ್ವ ನಕ್ಕಳು. ಕಾಕುವೂ ನಕ್ಕಳು. ಆಮೇಲೆ ನಾವು ಎಚ್ಚರವಿದ್ದಾಗ ಅವಳು ದನಿ ಎತ್ತಿ ಹಾಡಿದ್ದು ನಮಗೆ ನೆನಪಿಲ್ಲ. ಕಲ್ಲಿನ ಸಪ್ಪಳ ಮಾತ್ರ ಕೇಳುತ್ತಿತ್ತು.

ಕಾಲೇಜಿಗೆ ಹೋದ ಮೇಲೆ ‘ಗರತಿಯ ಹಾಡು’ ನಮ್ಮ ಕೈಗೆ ಬಂದಿತು. ಪುಟ ತಿರುವುತ್ತಿದ್ದಾಗ ಪರಿಚಯದ ದನಿಯೊಂದು ಕೇಳಿದಂತಾಯಿತು. ಆ ಸಾಲುಗಳನ್ನು ಎಲ್ಲಿಯೋ ಓದಿದ್ದೆವೆಂದು ಮೊದಲು ಭಾವಿಸಿದೆವು. ಓದಿರಲಿಲ್ಲ, ಕೇಳಿದ್ದೆವು. ಸೊರಗ ಎಂಬಲ್ಲಿ ಸ್ವರ್ಗ ಎಂದು ಇಟ್ಟು ಹಾಡಿಕೊಂಡು ನೋಡಿದೆವು, ನಡೆ ಮುರಿಯಿತು. ಹಾಡಿಗೆ ಬೇಕಾದದ್ದು ಅವ್ವನ ನಾಲಿಗೆಯಲ್ಲಿತ್ತು, ನಮ್ಮ ಬಹುಮಾನದ ಪುಸ್ತಕದಲ್ಲಿ ಇರಲಿಲ್ಲ. ದೀಪಾವಳಿಯ ಸೂಟಿಗೆ ಊರಿಗೆ ಹೋದಾಗ ವಹಿ ಹಿಡಿದು ಅವಳ ಎದುರು ಕುಳಿತೆವು. ಅಷ್ಟರಲ್ಲಿ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಬೀಸುಕಲ್ಲು ಹಿತ್ತಲಿನ ತುಳಸಿಯ ಹತ್ತಿರ ಮಗ್ಗುಲಾಗಿ ಬಿದ್ದಿತ್ತು. ಅವ್ವ ಒಂದು ಸಾಲು ಹೇಳಿದಳು, ಎರಡನೆಯದರ ಅರ್ಧಕ್ಕೆ ನಿಂತಳು, ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿಕೊಂಡಳು. “ತಮ್ಮಾ, ಕಲ್ಲು ತಿರಗದ ಹಾಡು ಬರೂದಿಲ್ಲೋ” ಎಂದಳು.

ಗಿರಣಿಯನ್ನು ನಾವು ದೂರುವುದಿಲ್ಲ. ದಿನಕ್ಕೆ ಎರಡು ತಾಸು ಕಲ್ಲು ತಿರುಗಿಸಿ ರಟ್ಟೆ ಬಿದ್ದವರು ನಮ್ಮ ತಾಯಂದಿರು. ಗಿರಣಿ ಬಂದ ದಿನ ಅವರು ಊದುಬತ್ತಿ ಹಚ್ಚಿ ಕೈಮುಗಿದರು. ಹಾಡು ಹೋಯಿತೆಂದು ಮರುಗುವ ಹಕ್ಕು ಬೀಸದೆ ಉಂಡವರಿಗೆ ಎಷ್ಟಿದೆಯೋ!

‘ಗರತಿಯ ಹಾಡು’ ಕೂಡಿಸಿದವರ ಹೆಸರುಗಳನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಆ ತ್ರಿಪದಿಗಳನ್ನು ಕಟ್ಟಿದವಳ ಹೆಸರು ಯಾರಿಗೂ ತಿಳಿಯದು. ಜನಪದಕ್ಕೆ ಕರ್ತೃವಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ, ಅದು ಸರಿಯಾದ ಮಾತೂ ಹೌದು. ಆದರೂ ನಮ್ಮ ಮರಾಠಿ ಓರಗೆಯ ಒಂದು ಉದಾಹರಣೆ ಇದೆ. ನಮ್ಮ ಮಕ್ಕಳು ಅವರನ್ನು ಮರಾಠಿ ಪಾಠದಲ್ಲಿ ಬಲ್ಲರು. ಖಾನದೇಶದ ಬಹಿಣಾಬಾಯಿ ಚೌಧರಿ ಓದುಬರಹ ಬಲ್ಲವರಲ್ಲ. ಬೀಸುತ್ತ, ಹೊಲದಲ್ಲಿ ದುಡಿಯುತ್ತ ಹಾಡು ಕಟ್ಟಿದರು. ಅವರ ಮಗ ಸೋಪಾನದೇವ ಚೌಧರಿ ಸ್ವತಃ ಕವಿ. ತಾಯಿಯ ಹಾಡುಗಳನ್ನು ಬರೆದಿಟ್ಟುಕೊಂಡವರಲ್ಲಿ ಅವರೊಬ್ಬರು. ತಾಯಿ 1951ರಲ್ಲಿ ತೀರಿಕೊಂಡ ಮರುವರ್ಷ ಆಚಾರ್ಯ ಅತ್ರೆಯವರ ಮುನ್ನುಡಿಯೊಡನೆ ಆ ಹಾಡುಗಳು ಪುಸ್ತಕವಾದವು. ಮಗ ತಿದ್ದಲು ಕೂಡದೆ ಬರೆದುಕೊಳ್ಳಲು ಕುಳಿತದ್ದರಿಂದ ಒಬ್ಬ ತಾಯಿ ಹೆಸರಿನೊಡನೆ ಉಳಿದಳು.

ಕನ್ನಡದಲ್ಲಿ, ಅದೂ ನಮ್ಮ ಸೊಲ್ಲಾಪುರದಲ್ಲಿಯೇ, ಆ ಬೀಸುಕಲ್ಲಿನ ಛಂದಸ್ಸನ್ನು ತನ್ನ ಹೆಸರಿನೊಡನೆ ಕೈಗೆತ್ತಿಕೊಂಡವರು ಜಯದೇವಿತಾಯಿ ಲಿಗಾಡೆ. ‘ತಾಯಿಯ ಪದಗಳು’ ಅವರದೇ. ಮರಾಠಿಯಲ್ಲಿಯೂ ಬರೆದ ಅವರು ‘ಶ್ರೀ ಸಿದ್ಧರಾಮ ಪುರಾಣ’ವನ್ನು ಸಾವಿರಾರು ತ್ರಿಪದಿಗಳಲ್ಲಿ ಕನ್ನಡದಲ್ಲಿ ಕಟ್ಟಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಗಡಿಯಾಚೆಯ ನಮ್ಮೂರಿನವರೆಂಬುದು ನಮ್ಮ ಹೆಮ್ಮೆ. ವಿದ್ವಾಂಸರು ವೃತ್ತ ಕಂದಗಳಲ್ಲಿಯೋ ಷಟ್ಪದಿಯಲ್ಲಿಯೋ ಮಹಾಕಾವ್ಯ ಬರೆಯುವುದು ವಾಡಿಕೆ. ಇವರು ಅದನ್ನು ಹೆಂಗಸರು ಬೀಸುವ ಮಟ್ಟಿನಲ್ಲಿ ಬರೆದರು. ಅಡುಗೆಮನೆಯ ಹೊಸಿಲಿನಿಂದಲೇ ಅದನ್ನು ಹಾಡಿಕೊಳ್ಳಬಹುದು.

ಸಿದ್ಧರಾಮನ ಕಥೆಯಲ್ಲಿಯೂ ತಾಯಿ ಒಬ್ಬಳಿದ್ದಾಳೆ, ಸುಗ್ಗವ್ವೆ. ರಾಘವಾಂಕನೂ ಅವಳನ್ನು ಚಿತ್ರಿಸಿದ್ದಾನೆ. ಸೊನ್ನಲಿಗೆಯ ಮುದ್ದುಗೌಡನ ಮನೆಯಲ್ಲಿ ಹುಟ್ಟಿದ ಮಗ ಮುಗ್ಧ, ಲೋಕದ ಮಕ್ಕಳ ಹಾಗಲ್ಲ. ಹೊಲದಲ್ಲಿದ್ದ ಅವನ ಬಳಿಗೆ ಮಲ್ಲಯ್ಯ ಜಂಗಮನಾಗಿ ಬಂದು ಉಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಬಂದು ಅವ್ವನನ್ನು ಕೇಳುತ್ತಾನೆ. ಬುತ್ತಿ ಹಿಡಿದು ಹಿಂದಿರುಗುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತ ಶ್ರೀಶೈಲದ ದಾರಿ ಹಿಡಿಯುತ್ತಾನೆ. ಜಾತ್ರೆಯಲ್ಲಿ ನಂದಿಕೋಲುಗಳ ಹಿಂದೆ ನಡೆಯುವಾಗ ನಾವು ಆ ಮಗನನ್ನು ನೆನೆಯುತ್ತೇವೆ. ಮೊಸರಿನ ಬುತ್ತಿ ಕಟ್ಟಿ ಕಳಿಸಿ, ಹೊತ್ತು ಮುಳುಗಿದರೂ ಮಗ ಮರಳದೆ ದಾರಿ ಕಾಯ್ದವಳನ್ನು ನಮ್ಮ ಅಜ್ಜಿಯಂದಿರು ನೆನೆಯುತ್ತಿದ್ದರು. ಕಥೆ ಹೇಳುವಾಗ ಅವರು ಶ್ರೀಶೈಲಕ್ಕೆ ಹೋಗುವ ಮುನ್ನ ಆ ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ಲಂಕೇಶರ ‘ಅವ್ವ’ ಬಂದ ಮೇಲೆ ಗಂಡುಮಕ್ಕಳ ತಾಯಿಕಾವ್ಯವೂ ಮೊದಲಿನಂತೆ ಉಳಿಯಲಿಲ್ಲ. ಪುರಾಣದ ಪತಿವ್ರತೆಯರ ಸಾಲಿನಲ್ಲಿ ನಿಲ್ಲಿಸಲು ಒಪ್ಪದೆ, ಮಣ್ಣಿನ, ಕಾಡಪ್ರಾಣಿಯ ಹೋಲಿಕೆ ತಂದು, ಕಾಳಿಗೆ, ದುಡಿತಕ್ಕೆ, ಮಕ್ಕಳಿಗೆ ಸವೆದ ಒಬ್ಬ ಹೆಂಗಸನ್ನು ಆ ಕವಿ ಇದ್ದಂತೆ ಇಟ್ಟುಬಿಟ್ಟರು. ಜಗಳಗಂಟಿತನವನ್ನೂ ಮುಚ್ಚಲಿಲ್ಲ. ಓದಿದವರಿಗೆ ಮೊದಲ ಸಲ ಆಘಾತವಾಗುತ್ತದೆ, ಎರಡನೆಯ ಸಲ ತಮ್ಮ ಮನೆಯ ನೆನಪಾಗುತ್ತದೆ. ಹಾಗೆಯೇ ಬಿ.ಆರ್. ಲಕ್ಷ್ಮಣರಾವ್ ಅವರ ಜನಪ್ರಿಯ ಭಾವಗೀತೆಯೊಂದರಲ್ಲಿ ಮಗು ತಾಯಿಯ ಪ್ರೀತಿಯಿಂದಲೇ ಬಿಡುಗಡೆ ಬೇಡುತ್ತದೆ. ಪರವೂರಿನ ಕೆಲಸಕ್ಕೆ ಮಕ್ಕಳನ್ನು ಕಳಿಸಿ ಕುಳಿತ ಪಾಲಕರು ಆ ಹಾಡನ್ನು ಕೇಳುವಾಗ ಗಾಯಕನ ಕಡೆ ಇರುತ್ತಾರೋ ತಾಯಿಯ ಕಡೆಯೋ, ಅವರೇ ಬಲ್ಲರು.

ಆಮೇಲೆ ತಾಯಂದಿರೇ ಬರೆಯತೊಡಗಿದರು. ವೈದೇಹಿ, ಪ್ರತಿಭಾ ನಂದಕುಮಾರ್ ಮೊದಲಾದವರ ಕವಿತೆಗಳನ್ನು ವಿಸ್ತಾರವಾಗಿ ಪರಿಶೀಲಿಸಲು ಈಗ ಸಮಯವಿಲ್ಲ. ಅದಕ್ಕೆ ಬೇರೆ ದಿನವೇ ಬೇಕು. ಒಂದನ್ನು ಮಾತ್ರ ಹೇಳುತ್ತೇವೆ. ಕಾವ್ಯವೆಂದರೇನೆಂದು ಬಲ್ಲವರು ಹೇಳಲಿ, ತನಗೆ ಗೊತ್ತಿರುವುದು ತಿಳಿಸಾರು ಎಂಬ ಭಾವವನ್ನು ವೈದೇಹಿಯವರು ಕವಿತೆಯಾಗಿಸಿದ್ದಾರೆ. ಅದರ ವಿನಯದೊಳಗಿನ ಚುರುಕು ಬೀಸುಕಲ್ಲಿನ ಹಾಡುಗಳನ್ನು ಕೇಳಿದವರಿಗೆ ಹೊಸದಲ್ಲ. ಅಡುಗೆಮನೆಯಲ್ಲಿ ನಿಂತವಳಿಗೆ ಈಗ ಲೇಖನಿಯೂ ಸಿಕ್ಕಿದೆ.

ಈ ಉಪನ್ಯಾಸದ ತಯಾರಿಗಾಗಿ ಕಳೆದ ತಿಂಗಳು ಶಾಲೆಗೆ ಬಂದಿದ್ದಾಗ ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು ಹಳೆಯ ದಾಖಲೆಯ ಪುಸ್ತಕಗಳನ್ನು ನೋಡಿದೆವು. ರಟ್ಟು ಕಿತ್ತುಹೋಗಿ, ಹಾಳೆ ಹಳದಿಗಟ್ಟಿ, ಮೋಡಿಯಲ್ಲಿಯೂ ಕನ್ನಡದಲ್ಲಿಯೂ ತುಂಬಿದ ಪುಟಗಳು. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಹುಟ್ಟಿದ ತಾರೀಖು, ಶಾಲೆ ಬಿಟ್ಟ ಕಾರಣ. ನಮ್ಮ ಹೆಸರಿರುವ ಪುಟವೂ ಸಿಕ್ಕಿತು. ಅವ್ವ ಕಟ್ಟೆಯ ಮೇಲೆ ಕುಳಿತ ಆ ದಿನ ಬರೆದ ಸಾಲು. ಅದರಲ್ಲಿ ಅವಳಿಲ್ಲ. ಆ ಪುಸ್ತಕಗಳಲ್ಲಿ ಮಾತೃಭಾಷೆ ಎಂಬ ಮನೆಯೂ ಒಂದಿದೆ. ಪುಟಪುಟಕ್ಕೆ ಕನ್ನಡ, ಕನ್ನಡ, ಕನ್ನಡ ಎಂದು ಬರೆದಿದೆ. ತಾಯಿಯ ನುಡಿಗೆ ಮನೆಯಿತ್ತು, ತಾಯಿಗೆ ಇರಲಿಲ್ಲ.

ಮಹಾರಾಷ್ಟ್ರ ಸರಕಾರವು 2024ರ ಮಾರ್ಚಿಯಲ್ಲಿ ಒಂದು ನಿರ್ಣಯ ಮಾಡಿದ್ದನ್ನು ಪಾಲಕರೆಲ್ಲರೂ ಬಲ್ಲಿರಿ. ಆ ವರ್ಷದ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರು, ಅನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಮತ್ತು ಅಡ್ಡಹೆಸರು ಬರಬೇಕು. ಬೇಂದ್ರೆಯವರು ಕಾವ್ಯನಾಮದಲ್ಲಿ ಮಾಡಿದ್ದು ಈಗ ಕಾಯಿದೆಯ ಮಾತಾಗಿದೆ. ಆ ಮಕ್ಕಳು ಇನ್ನು ಕೆಲವೇ ವರ್ಷಗಳಲ್ಲಿ ಒಂದನೆಯ ಇಯತ್ತೆಗೆ ಬರುತ್ತಾರೆ. ಅವರಲ್ಲಿ ಎಷ್ಟು ಜನ ಈ ಕನ್ನಡ ಶಾಲೆಗೆ ಬರುತ್ತಾರೆಂಬುದು ಇಲ್ಲಿ ಕುಳಿತವರ ಕೈಯಲ್ಲಿದೆ. ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಲೆಕ್ಕ ಹಾಕುವ ತಂದೆತಾಯಿಗಳನ್ನು ನಾವು ಬೈಯಲಾರೆವು; ಹೊಟ್ಟೆಯ ಲೆಕ್ಕವೂ ಲೆಕ್ಕವೇ. ಆದರೆ ಮಗುವಿನ ಅಭ್ಯಾಸದ ಪುಸ್ತಕವನ್ನು ತೆರೆದು ನೋಡಿ, ಓದಲು ಬಾರದೆ, ಏನೂ ಹೇಳದೆ ಮುಚ್ಚಿಟ್ಟ ತಾಯಂದಿರ ಮುಖವನ್ನು ನಾವು ಕಂಡಿದ್ದೇವೆ. ನಾವು ತಿದ್ದಿದ ದಿನ ನಮ್ಮ ಅವ್ವನ ಮುಖವೂ ಹಾಗೆಯೇ ಇದ್ದಿರಬೇಕು. ಅಂದು ನಾವು ನೋಡಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಂದು ದಪ್ಪ ವಹಿಯನ್ನು ತಂದು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ನಿಮ್ಮ ಅವ್ವ, ಅಜ್ಜಿ, ಅತ್ತೆ ಹಾಡುತ್ತಿದ್ದ ಪದವೊಂದು ನೆನಪಿದ್ದರೆ ಅದರಲ್ಲಿ ಬರೆಯಿರಿ. ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿರಿ. ಮೇಲೆ ಅವರ ಹೆಸರು, ತವರೂರು, ಕೊಟ್ಟ ಊರು ಇರಲಿ; ಬರೆದವರ ಹೆಸರು ಕೆಳಗಿದ್ದರೆ ಸಾಕು. ಬರೆಯಲು ಬಾರದ ತಾಯಂದಿರಿದ್ದರೆ ಒಂಬತ್ತನೆಯ ಇಯತ್ತೆಯ ಹುಡುಗಿಯರು ಎದುರು ಕುಳಿತು ಬರೆದುಕೊಳ್ಳುತ್ತಾರೆ. ಅಲ್ಲಿ ಒಂದು ಬೀಸುಕಲ್ಲನ್ನೂ ಹೂಡಿಸಿದ್ದೇವೆ, ಜೋಳವೂ ಉಂಟು. ಮೊದಲ ಪುಟದಲ್ಲಿ ನಮ್ಮ ಅವ್ವನ ಹೆಸರಿದೆ. ಅದರ ಕೆಳಗೆ ಒಂದೂವರೆ ಸಾಲು ಮಾತ್ರ ಇದೆ. ಉಳಿದದ್ದು ಯಾರಿಗಾದರೂ ಗೊತ್ತಿದ್ದರೆ ಅಲ್ಲಿಯೇ ಬರೆಯಲು ಜಾಗ ಬಿಟ್ಟಿದ್ದೇವೆ.